ಐದೂವರೆಯಿಂದ ಗುಣಿಸಿದ ಬಿಸಿಬೇಳೆಬಾತ್

ತಪ್ಪು ನನ್ನ ಬಾಯಿದೇ, ಬೇರೆ ಯಾರನ್ನೂ ಬೈಯೋ ಹಾಗಿಲ್ಲ. ಹಾಸ್ಟೆಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಈ ಸಲ ಎಲ್ಲಿ ಸೇರೋಣ ಅಂತ ಮಾತು ನಡೆಯುತ್ತಿತ್ತು. ರೆಸಾರ್ಟ್ ಅಂದ ಒಬ್ಬ, ನಂದಿ ಬೆಟ್ಟ ಅಂದ ಇನ್ನೊಬ್ಬ. ನಾನು ಸುಮ್ನೆ ಇರಲಾರದೆ "ಎಲ್ರೂ ನಮ್ಮನೆಗೆ ಬನ್ರೋ, ನಾನೇ ಬಿಸಿಬೇಳೆಬಾತ್ ಮಾಡ್ತೀನಿ" ಅಂತ ಬರೆದುಬಿಟ್ಟೆ. ಐದು ನಿಮಿಷದಲ್ಲಿ ಹೆಬ್ಬೆಟ್ಟುಗಳ ಸಾಲು ಬಿತ್ತು. ಹೆಂಡತಿ ಮಕ್ಕಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ 22 ಜನ.

ನಾನು ಅಡುಗೆ ಕಲಿತದ್ದು 2020ರ ಲಾಕ್‌ಡೌನ್‌ನಲ್ಲಿ. ಬಿಸಿಬೇಳೆಬಾತ್ ಒಂದು ಮಾತ್ರ ನನ್ನ ಕೈಗೆ ಒಲಿದಿದೆ ಅಂತ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ನಾಲ್ಕು ಜನಕ್ಕೆ ಒಂದು ಪಾವು ಸೋನಾ ಮಸೂರಿ, ಮುಕ್ಕಾಲು ಪಾವು ತೊಗರಿಬೇಳೆ, ಆರು ಪಾವು ನೀರು. ನೀರು ಕಂಡು ಹೆದರಬೇಡಿ, ಬಾತ್ ಆರಿದ ಮೇಲೆ ಅಷ್ಟನ್ನೂ ಕುಡಿದು ಇನ್ನೂ ಬೇಕು ಅನ್ನುತ್ತದೆ. ಮಸಾಲೆಯನ್ನೂ ಮನೆಯಲ್ಲೇ ಹುರಿದು ಪುಡಿ ಮಾಡುತ್ತೇನೆ. ಧನಿಯಾ, ಕಡಲೆಬೇಳೆ, ಉದ್ದಿನಬೇಳೆ, ಸ್ವಲ್ಪ ಮೆಂತ್ಯ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಗಸಗಸೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಬಣ್ಣಕ್ಕೆ, ಖಾರ ಬೇಕಾದರೆ ಜೊತೆಗೆ ಗುಂಟೂರಿನದು ಎರಡು. ಮರಾಠಿ ಮೊಗ್ಗು ಇಲ್ಲದಿದ್ದರೆ ಅದು ತರಕಾರಿ ಹಾಕಿದ ಸಾಂಬಾರನ್ನವೇ ಹೊರತು ಬಿಸಿಬೇಳೆಬಾತ್ ಅಲ್ಲ ಅನ್ನೋದು ನನ್ನ ಹಠ. ಜಗಳ ಆಡುವವರು ಆಡಬಹುದು.

ಕೆಲಸ ಸಾಫ್ಟ್‌ವೇರ್‌ನದು, ಹಾಗಾಗಿ ಮೊದಲು ಎಕ್ಸೆಲ್ ತೆರೆದೆ. ನಾಲ್ಕು ಜನಕ್ಕೆ ಇಷ್ಟು, 22 ಜನಕ್ಕೆ ಎಷ್ಟು? ಐದೂವರೆಯಿಂದ ಗುಣಿಸು. ಅಕ್ಕಿ, ಬೇಳೆ, ನೀರು, ಹುಣಸೆಹಣ್ಣು, ಬೆಲ್ಲ, ಉಪ್ಪು, ಕೊನೆಗೆ ಇಂಗನ್ನೂ ಐದೂವರೆಯಿಂದ ಗುಣಿಸಿದೆ. ಹೆಂಡತಿ ಹಿಂದೆ ನಿಂತು ಓದಿ, "22ರಲ್ಲಿ ಒಂಬತ್ತು ಮಕ್ಕಳು ಕಣ್ರೀ, ಅವು ಬೂಂದಿ ತಿಂದು ಓಡಿಹೋಗ್ತವೆ" ಅಂದಳು. ಕಮ್ಮಿ ಬಿದ್ದರೆ ಮರ್ಯಾದೆ ಪ್ರಶ್ನೆ ಅಂತ ಹೇಳಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಸಂಜೆ ಹತ್ತಿರದ ಶಾಮಿಯಾನ ಅಂಗಡಿಗೆ ಹೋದೆ. ಕುರ್ಚಿ, ಶಾಮಿಯಾನ, ಪಾತ್ರೆ ಎಲ್ಲ ಬಾಡಿಗೆಗೆ ಕೊಡುತ್ತಾರೆ. ಅಂಗಡಿಯವರು ಮೂಲೆಯಲ್ಲಿದ್ದ ಒಂದು ಹಿತ್ತಾಳೆ ಕೊಳಗ ತೋರಿಸಿದರು. ಒಳಗೆ ಕಲಾಯಿ, ಹೊರಗೆ ಮಸಿ, ಒಬ್ಬನೇ ಎತ್ತಿದರೆ ಸೊಂಟ ಹೋಗುವಷ್ಟು ಭಾರ. ಪಕ್ಕದಲ್ಲಿ ಪಳಪಳ ಹೊಳೆಯುವ ಸ್ಟೀಲ್ ಪಾತ್ರೆ ಇತ್ತು. "ಏನ್ ಮಾಡ್ತೀರಾ ಸಾರ್ ಇದ್ರಲ್ಲಿ?" ಅಂದರು. "ಏನೋ ಅಡುಗೆ" ಅಂತ ಹೇಳಿ ಸ್ಟೀಲಿನದನ್ನೇ ಆಟೋದಲ್ಲಿ ಹಾಕಿಕೊಂಡು ಬಂದೆ.

ಅವತ್ತು ರಾತ್ರಿ ಕೇಕ್. ಒಬ್ಬನ ಮನೆಯಲ್ಲಿ ಮೊಟ್ಟೆ ತಿನ್ನೋಲ್ಲ, ಅದಕ್ಕೆ ಮೊಸರು ಹಾಕಿದ ಕೇಕ್. ಕೇಕಿನ ವಿಷಯದಲ್ಲಿ ಕಣ್ಣಳತೆ ನಡೆಯೋಲ್ಲ, ಮೈದಾ 250 ಗ್ರಾಂ ಅಂದರೆ ತಕ್ಕಡಿಯಲ್ಲಿಟ್ಟು 250 ಗ್ರಾಮೇ. ಮೊಸರಿಗೆ ಅಡುಗೆ ಸೋಡಾ ಹಾಕಿ ಕಲಸಿದ ಕೂಡಲೇ ಬುಸಬುಸ ಅಂತ ನೊರೆ ಬಂತು. ಹುಳಿ, ಸೋಡಾ ಸೇರಿದರೆ ಗಾಳಿ ಹುಟ್ಟುತ್ತದೆ, ಆ ಗಾಳಿಯೇ ಕೇಕನ್ನು ಉಬ್ಬಿಸುವುದು ಅಂತ ಮಗಳಿಗೆ ದೊಡ್ಡ ಮೇಷ್ಟರ ಹಾಗೆ ಪಾಠ ಮಾಡಿದೆ. ಓವನ್ 180 ಡಿಗ್ರಿ, 40 ನಿಮಿಷ. ಇಪ್ಪತ್ತನೇ ನಿಮಿಷಕ್ಕೆ ತಡೆಯಲಾರದೆ ಬಾಗಿಲು ತೆಗೆದು ಇಣುಕಿದೆ. ಒಳಗಿನ ಹಿಟ್ಟು ಇನ್ನೂ ಗಟ್ಟಿಯಾಗಿರಲಿಲ್ಲ, ತಣ್ಣನೆ ಗಾಳಿ ಹೊಡೆದದ್ದೇ ನಡುವೆ ಕುಸಿದು ತಟ್ಟೆ ಇಡ್ಲಿ ಇಡುವಷ್ಟು ಗುಂಡಿ ಬಿತ್ತು. ನಾಳೆ ನೋಡಿಕೊಳ್ಳೋಣ ಅಂತ ಮುಚ್ಚಿಟ್ಟು ಮಲಗಿದೆ.

ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಶುರು. ಊಟ ಒಂದು ಗಂಟೆಗೆ, ಬೇಕಾದಷ್ಟು ಹೊತ್ತಿದೆ ಅಂದುಕೊಂಡಿದ್ದೆ. ಅವತ್ತು ಕಾವೇರಿ ನೀರು ಬಿಡುವ ದಿನ ಅಲ್ಲ, ಕುಡಿಯೋ ನೀರು ಮುಟ್ಟಬಾರದು ಅಂತ ಹೆಂಡತಿಯ ಆಜ್ಞೆ, ಹಾಗಾಗಿ ಬೋರ್ ನೀರನ್ನೇ ಎಂಟು ಲೀಟರ್‌ಗಿಂತ ಜಾಸ್ತಿ ತುಂಬಿ ಒಲೆಯ ದೊಡ್ಡ ಬರ್ನರ್ ಮೇಲೆ ಇಟ್ಟೆ. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು, ನೀರು ಅಲ್ಲಾಡಲಿಲ್ಲ. ಎಕ್ಸೆಲ್‌ನಲ್ಲಿ ಎಲ್ಲವನ್ನೂ ಐದೂವರೆಯಿಂದ ಗುಣಿಸಿದ್ದೆ, ಆದರೆ ಬೆಂಕಿ ಮಾತ್ರ ಅದೇ ನಾಲ್ಕು ಜನರ ಬೆಂಕಿ! ನೀರು ಕುದಿಯಲು ಮುಕ್ಕಾಲು ಗಂಟೆ ಬೇಕಾಯಿತು. ಮದುವೆ ಮನೆ ಭಟ್ಟರು ಬೆಳಗಿನ ಜಾವ ಮೂರಕ್ಕೇ ಎದ್ದು ಒಲೆ ಹಚ್ಚುವುದು ಯಾಕೆ ಅಂತ ನನಗೆ ಅರ್ಥವಾದದ್ದು ಆಗ.

ಮನೆಯಲ್ಲಿ ಯಾವಾಗಲೂ ಕುಕ್ಕರ್‌ನಲ್ಲಿ ಬೇಳೆ ಮೆತ್ತಗಾದ ಮೇಲೆಯೇ ಮುಂದಿನದು. ಇಲ್ಲಿ ಕುಕ್ಕರ್ ಎಲ್ಲಿಂದ ತರೋದು? ಅಕ್ಕಿ, ಬೇಳೆ ಒಟ್ಟಿಗೇ ಸುರಿದೆ. ಕ್ಯಾರೆಟ್, ಬೀನ್ಸ್, ನವಿಲುಕೋಸು, ಬಟಾಣಿ, ಸಾಂಬಾರ್ ಈರುಳ್ಳಿ ಎಲ್ಲ ಬಿತ್ತು. ಹನ್ನೊಂದು ಗಂಟೆಗೆ ಒಂದು ಅಗುಳು ಹಿಸುಕಿ ನೋಡಿದೆ, ಬೆಂದಿತ್ತು. ಬೇಳೆಯನ್ನು ಹಿಸುಕಲಿಲ್ಲ. ಗಡಿಯಾರ ನೋಡುತ್ತಾ ಹುಣಸೆ ರಸ, ಬೆಲ್ಲ, ಮಸಾಲೆ ಪುಡಿ ಎಲ್ಲವನ್ನೂ ಹುಯ್ದುಬಿಟ್ಟೆ.

ಅರ್ಧ ಗಂಟೆ ಬಿಟ್ಟು ಬಾಯಿಗೆ ಹಾಕಿಕೊಂಡರೆ ಬೇಳೆ ಕಟುಂ ಅಂತು. ಅನ್ನ ಅಂಬಲಿಯಾಗಿದೆ, ಬೇಳೆ ಮಾತ್ರ ಅಂಗಡಿಯಿಂದ ಬಂದ ಹಾಗೇ ಇದೆ. ಹಾಸನಕ್ಕೆ ಫೋನ್ ಹಚ್ಚಿದೆ.

"ಬೇಳೆ ಬೇಯೋಕ್ ಮುಂಚೆ ಹುಳಿ ಹುಯ್ದ್ಯಾ?" ಅಂದರು ಅಮ್ಮ.

"ಹೂಂ ಅಮ್ಮ."

"ಯಾವ ನೀರು?"

"ಬೋರ್ ನೀರು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಗಡಸು ನೀರಿನಲ್ಲಿ ಬೇಳೆ ಬೇಯುವುದೇ ಕಷ್ಟ, ಅದರ ಮೇಲೆ ಹುಳಿ ಬಿದ್ದರೆ ಸಂಜೆವರೆಗೂ ಕುದಿಸಿದರೂ ಮೆತ್ತಗಾಗುವುದಿಲ್ಲ. ಇದನ್ನು ಅಮ್ಮ ಇಷ್ಟು ಚೆನ್ನಾಗಿ ಹೇಳಲಿಲ್ಲ, ಬೇರೆ ಥರ ಹೇಳಿದರು, ಅದನ್ನು ಇಲ್ಲಿ ಬರೆಯೋಲ್ಲ. ಕೊನೆಗೆ "ಒಂದ್ ಚಿಟಿಕೆ ಸೋಡಾ ಹಾಕಿ ಕೈ ಬಿಡದೆ ತಿರುವು ಮಗ, ನಂಗೆ ಒಲೆ ಮೇಲೆ ಹಾಲಿದೆ" ಅಂತ ಫೋನ್ ಇಟ್ಟರು.

ಒಂದು ಚಿಟಿಕೆ. 22 ಜನಕ್ಕೆ? ಕೈ ತಾನಾಗೇ ಗುಣಿಸಿತು. ಚಿಟಿಕೆ ಹಿಡಿಯುವಷ್ಟು ತಾಳ್ಮೆ ಇರಲಿಲ್ಲ, ಕೇಕಿಗೆ ತಂದ ಸೋಡಾ ಪೊಟ್ಟಣದಿಂದ ಎರಡು ಚಮಚ ತುಂಬಾ ಎತ್ತಿ ಸುರಿದೆ. ಹಿಂದಿನ ರಾತ್ರಿ ಮಗಳಿಗೆ ಮಾಡಿದ ಪಾಠ ಬೆಳಗ್ಗೆ ನನಗೇ ನೆನಪಿರಲಿಲ್ಲ. ಹುಣಸೆ ಹುಳಿ ತುಂಬಿದ ಹನ್ನೆರಡು ಕಿಲೋ ಬಾತು, ಕುದಿ ಕುದಿ ಕುದಿಯುತ್ತಿದೆ, ಅದಕ್ಕೆ ಸೋಡಾ. ಪಾತ್ರೆಯ ನಡುವೆ ಮೊದಲು ಒಂದು ಸಣ್ಣ ಗುಳ್ಳೆ ಎದ್ದಿತು. ಆಮೇಲೆ ಇಡೀ ಬಾತು ಉಸಿರು ಎಳೆದುಕೊಂಡ ಹಾಗೆ ಮೇಲೆ ಬಂತು, ಕಂದು ನೊರೆ ಕಂಠ ದಾಟಿ ಒಲೆಯ ಮೇಲೆ, ಕಟ್ಟೆಯ ಮೇಲೆ, ಅಲ್ಲಿಂದ ನನ್ನ ಪಾದದ ಮೇಲೆ ಇಳಿಯಿತು. ಮಗಳು ಬಾಗಿಲಲ್ಲಿ ನಿಂತು "ಅಪ್ಪಾ, ಕೇಕ್ ಥರಾನೇ!" ಅಂತ ಚಪ್ಪಾಳೆ ತಟ್ಟಿದಳು.

ಹೆಂಡತಿ ಬಂದು ಒಲೆ ಆರಿಸಿದಳು. ಇಬ್ಬರೂ ಸೇರಿ ಕಟ್ಟೆ, ನೆಲ ಒರೆಸಿದೆವು. ನೊರೆ ಇಳಿದ ಮೇಲೆ ನೋಡಿದರೆ ಬೇಳೆ ನಿಜಕ್ಕೂ ಮೆತ್ತಗಾಗತೊಡಗಿತ್ತು. ಸಣ್ಣ ಉರಿಯಲ್ಲಿ ಮತ್ತೆ ಇಟ್ಟೆವು. ಒರೆಸುವ ಬಟ್ಟೆ ಹಿಂಡುವುದರಲ್ಲಿ ಮುಳುಗಿದ್ದವರು ತಿರುವುವುದನ್ನು ಮರೆತೆವು. ತೆಳು ತಳದ ಸ್ಟೀಲ್ ಪಾತ್ರೆ, ಬೆಂಕಿ ತಾಗುವ ಕಡೆ ಮಾತ್ರ ಕಾಯುತ್ತದೆ, ಸುತ್ತ ಹರಡುವುದಿಲ್ಲ. ಹತ್ತು ನಿಮಿಷಕ್ಕೆ ತಳ ಹಿಡಿದ ವಾಸನೆ ಮೂಗಿಗೆ ಬಂತು.

ಸೌಟು ಹಾಕಿ ಕೆರೆಯಲು ಹೋದೆ. "ಮುಟ್ಟಬೇಡಿ!" ಅಂತ ಹೆಂಡತಿ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ತಳ ಹಿಡಿದದ್ದನ್ನು ಕೆರೆದರೆ ಕಮಟು ಇಡೀ ಪಾತ್ರೆಗೆ ಹತ್ತುತ್ತದೆ. ಮೇಲಿನದನ್ನು ಮಾತ್ರ ಮೆಲ್ಲಗೆ ತೋಡಿ ಬೇರೆ ಪಾತ್ರೆಗೆ ಹಾಕಬೇಕು. ಆದರೆ ಅಷ್ಟು ದೊಡ್ಡ ಬೇರೆ ಪಾತ್ರೆ ನಮ್ಮ ಮನೆಯಲ್ಲಿ ಎಲ್ಲಿದೆ? ಎರಡು ಕುಕ್ಕರ್, ಇಡ್ಲಿ ಪಾತ್ರೆ, ಹಾಲು ಕಾಯಿಸುವ ಪಾತ್ರೆ, ಹಿಟ್ಟು ರುಬ್ಬಿಡುವ ಡಬರಿ, ಕೊನೆಗೆ ಮಗಳ ಆಟದ ಬಕೆಟ್ ಒಂದನ್ನು ಬಿಟ್ಟು ಎಲ್ಲವೂ ತುಂಬಿತು. ಸೋಡಾ ಹುಳಿಯನ್ನೆಲ್ಲ ತಿಂದುಹಾಕಿತ್ತು, ಬಾತು ಸಪ್ಪೆ ಸಪ್ಪೆ. ಮತ್ತೆ ಹುಣಸೆ ನೆನೆಸಿ ರಸ ತೆಗೆದು ಒಂದೊಂದು ಪಾತ್ರೆಗೂ ಬೇರೆ ಬೇರೆಯಾಗಿ ಹಾಕಿ, ರುಚಿ ನೋಡಿ, ಕುದಿಸಿ... ಎಕ್ಸೆಲ್ ಹಾಳೆ ಆಗಲೇ ನೆಲದ ಮೇಲೆ ಒದ್ದೆಯಾಗಿ ಬಿದ್ದಿತ್ತು. ನಾಲ್ಕು ಜನಕ್ಕೆ ಅಡುಗೆ ಮಾಡುವುದು ಒಂದು ಕೆಲಸ, 22 ಜನಕ್ಕೆ ಮಾಡುವುದು ಬೇರೆಯದೇ ಕೆಲಸ. ಒಂದು ಗೊತ್ತಿದ್ದರೆ ಇನ್ನೊಂದು ಬರುತ್ತದೆ ಅನ್ನೋದು ಸುಳ್ಳು.

ಚಕ್ಕೆ, ಲವಂಗವೂ ಜಾಸ್ತಿಯಾಗಿ ಮೂಗಿಗೆ ಹೊಡೆಯುತ್ತಿತ್ತು. ಸರಿಹೋದದ್ದು ಉಪ್ಪು ಒಂದೇ. ಅದೂ ಯಾಕೆಂದರೆ, ಲೆಕ್ಕದ ಮುಕ್ಕಾಲು ಹಾಕು ಸಾಕು ಅಂತ ಅಮ್ಮ ಹಿಂದಿನ ದಿನವೇ ಹೇಳಿದ್ದರು.

ಮೊದಲ ಗಾಡಿ ಹನ್ನೆರಡೂವರೆಗೇ ಬಂತು. ನಮ್ಮ ಹಾಸ್ಟೆಲ್‌ನವರು ಪರೀಕ್ಷೆಗೆ ಲೇಟು, ಊಟಕ್ಕೆ ಬೇಗ. ಹೆಂಡತಿ ನಂದಿನಿ ತುಪ್ಪದಲ್ಲಿ ಸಾಸಿವೆ, ಕರಿಬೇವು, ಇಂಗು, ಗೋಡಂಬಿ ಹಾಕಿ ಧಾರಾಳವಾಗಿ ಒಗ್ಗರಣೆ ಕೊಟ್ಟಳು. ಆ ಘಮಕ್ಕೆ ಕಮಟು ಅರ್ಧ ಅಡಗಿತು, ಮೇಲೆ ಉದುರಿಸಿದ ಖಾರಾ ಬೂಂದಿ ಇನ್ನರ್ಧ ಮುಚ್ಚಿತು ಅಂತ ನಾವು ನಂಬಿದ್ದೆವು. ಮೈಸೂರಿನಿಂದ ಬಂದಿದ್ದವನು ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಮಗಾ, ನಮ್ಮ ಮೆಸ್ ಭಟ್ರ ಅಡ್ರೆಸ್ ಎಲ್ಲಿ ಸಿಕ್ತೋ ನಿಂಗೆ?" ಅಂದ. ಎಲ್ಲರೂ ಗೊಳ್ಳೆಂದರು. ಹಾಸ್ಟೆಲ್ ಮೆಸ್‌ನಲ್ಲಿ ಗುರುವಾರದ ಬಾತ್ ಒಂದು ವಾರವೂ ತಳ ಹಿಡಿಯದೆ ಬಂದದ್ದಿಲ್ಲ. ಆಗ ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದವರೇ ಈಗ ಎರಡೆರಡು ಸಲ ಹಾಕಿಸಿಕೊಂಡರು. ರುಚಿಗೋ, ನನ್ನ ಮುಖ ನೋಡಿಯೋ, ಕೇಳಲು ಧೈರ್ಯ ಬರಲಿಲ್ಲ.

ಮಕ್ಕಳು ಹೆಂಡತಿ ಹೇಳಿದ ಹಾಗೇ ಬೂಂದಿ ತಿಂದು ಓಡಿಹೋದವು. ಕೇಕಿನ ಗುಂಡಿಗೆ ಐಸ್‌ಕ್ರೀಂ ತುಂಬಿಸಿ ಇಟ್ಟಿದ್ದೆ. ಗುಂಡಿ ಬೇಕಂತಲೇ ಮಾಡಿದ್ದು ಅಂತ ಎಲ್ಲರೂ ನಂಬಿದರು, ನಾನೂ ಬೇಡ ಅನ್ನಲಿಲ್ಲ. ಹೇಗೆ ಮಾಡಿದ್ದು ಅಂತ ಒಬ್ಬರು ಬರೆದುಕೊಂಡೂ ಹೋದರು. ಇಪ್ಪತ್ತನೇ ನಿಮಿಷಕ್ಕೆ ಬಾಗಿಲು ತೆಗೆಯಬೇಕು ಅಂತ ಗಂಭೀರವಾಗಿ ಬರೆಸಿದೆ.

ಸಂಜೆ ಎಲ್ಲರೂ ಹೊರಟ ಮೇಲೆ ಎರಡು ಕುಕ್ಕರ್ ತುಂಬಾ ಬಾತ್ ಉಳಿದಿತ್ತು, ಆರಿ ಕಲ್ಲಿನ ಹಾಗೆ ಕೂತಿತ್ತು. ಬಿಸಿನೀರು ಹಾಕಿ ಸಡಿಲ ಮಾಡಿ ಕೆಳಗಿನ ಮನೆ, ಮೇಲಿನ ಮನೆ, ಎದುರು ಮನೆಗೆಲ್ಲ ಡಬ್ಬಿ ಡಬ್ಬಿ ಹಂಚಿದೆವು. ರಾತ್ರಿ ಬಾಡಿಗೆ ಪಾತ್ರೆ ತಿಕ್ಕಲು ಕೂತೆ. ತಳದಲ್ಲಿ ಒಂದು ಬೆರಳು ದಪ್ಪ ಕರಿ ಹೆಪ್ಪು. ನೀರು, ಉಳಿದ ಸೋಡಾ ಹಾಕಿ ಕುದಿಸಿ, ರಾತ್ರಿಯೆಲ್ಲ ನೆನೆಸಿಟ್ಟು, ಬೆಳಗ್ಗೆ ಸ್ಟೀಲ್ ನಾರಿನಲ್ಲಿ ಉಜ್ಜಿ ಉಜ್ಜಿ ಭುಜ ಬಿದ್ದುಹೋಯಿತು. ಆದರೂ ನಡುವೆ ದೋಸೆ ಗಾತ್ರದ ಒಂದು ನೀಲಿ ಕಪ್ಪು ಕಲೆ ಹೋಗಲೇ ಇಲ್ಲ.

ಸೋಮವಾರ ಆಫೀಸಿಗೆ ಹೋಗುವ ಮುಂಚೆ ಪಾತ್ರೆ ವಾಪಸ್ ಕೊಡಲು ಹೋದೆ. ಮುಚ್ಚಳ ತೆಗೆಯದೆ ಕೊಟ್ಟು ಬರೋಣ ಅಂತ ನನ್ನ ಲೆಕ್ಕ. ಅಂಗಡಿಯವರು ಮುಚ್ಚಳ ತೆಗೆದರು, ತಳ ನೋಡಿದರು, ಬಗ್ಗಿ ಒಂದು ಸಲ ಮೂಸಿದರು.

"ಬಿಸಿಬೇಳೆಬಾತಾ ಸಾರ್?"

ತಲೆ ಆಡಿಸಿದೆ. ಅವರು ಮೂಲೆಯ ಹಿತ್ತಾಳೆ ಕೊಳಗದ ಕಡೆ ಕೈ ತೋರಿಸಿ, "ಅವತ್ತೇ ಹೇಳಿದ್ರೆ ಅದನ್ನೇ ಕೊಟ್ಟು ಕಳಿಸ್ತಿದ್ದೆ. ಭಟ್ರು ಬಾತ್‌ಗೆ ಬೇರೆ ಪಾತ್ರೆ ಮುಟ್ಟೋದೇ ಇಲ್ಲ" ಅಂತ ಹೇಳಿ ನನ್ನ ಅಡ್ವಾನ್ಸ್ ದುಡ್ಡು ಎಣಿಸಲು ಕೂತರು.