ರಾತ್ರಿ ಎರಡೂಕಾಲರ ಡೇಟಾ

ಬಿಲ್ಲಿನ ತಕರಾರು ಹಿಡಿದು ಬಂದವರಿಗೆ ಹೇಳಲೆಂದು ನಮ್ಮ ಸ್ಟೋರಿನಲ್ಲಿ ಒಂದು ಸಿದ್ಧ ವಾಕ್ಯವಿತ್ತು: "ಸಿಸ್ಟಮ್ ಸುಳ್ಳು ಹೇಳುವುದಿಲ್ಲ ಸರ್, ಮನೆಯಲ್ಲಿ ಯಾರೋ ಬಳಸಿರಬೇಕು." ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಖಾಸಗಿ ಮೊಬೈಲ್ ಕಂಪನಿಯ ಪೋಸ್ಟ್‌ಪೇಯ್ಡ್ ಡೆಸ್ಕಿನಲ್ಲಿ ಕುಳಿತಿದ್ದ ನಾನು ಆ ವಾಕ್ಯವನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದೆನೆಂದರೆ, ಎದುರಿಗಿದ್ದವರ ಮುಖ ನೋಡುವ ಅಗತ್ಯವೂ ನನಗೆ ಕಾಣುತ್ತಿರಲಿಲ್ಲ. 2010ರ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದುಹೋದ ಮೇಲೆ ಅದನ್ನು ಹೇಳುವುದು ನನ್ನಿಂದ ಆಗಲಿಲ್ಲ. ಕಂಪನಿಯ ಸ್ಕ್ರಿಪ್ಟಿನಲ್ಲಿ ಮಾತ್ರ ಅದು ಬಹುಕಾಲ ಉಳಿದುಕೊಂಡಿತ್ತು.

ಅವರನ್ನು ಇಲ್ಲಿ ಗೌಡರು ಎಂದಷ್ಟೇ ಕರೆಯುತ್ತೇನೆ. ಅವರ ಕೈಯಲ್ಲಿದ್ದದ್ದು ಐಫೋನ್ 3ಜಿ. ಅಮೆರಿಕದಲ್ಲಿದ್ದ ಮಗ ಹೊಸ ಫೋನಿಗೆ ಬದಲಾಗುವಾಗ ಹಳೆಯದನ್ನು ರಜೆಯಲ್ಲಿ ಊರಿಗೆ ತಂದು ಅಪ್ಪನಿಗೆ ಕೊಟ್ಟುಹೋಗಿದ್ದ. ಅದೇ ಫೋನು ನಮ್ಮ ದೇಶದಲ್ಲಿ 2008ರ ಆಗಸ್ಟಿನಲ್ಲಿ ಬಿಡುಗಡೆಯಾದಾಗ 8 ಜಿಬಿಯದಕ್ಕೆ 31,000 ರೂಪಾಯಿ ಇತ್ತು. ಅಲ್ಲಿ 199 ಡಾಲರಿಗೆ ಸಿಗುವ ಫೋನಿಗೆ ಇಲ್ಲೇಕೆ ಇಷ್ಟು ಬೆಲೆ ಎಂದು ಕೇಳುವವರು ನಮ್ಮ ಕೌಂಟರಿಗೂ ಬರುತ್ತಿದ್ದರು. ಆ 199 ಡಾಲರಿನ ಹಿಂದೆ ಎಟಿ ಅಂಡ್ ಟಿ ಕಂಪನಿಯ ಎರಡು ವರ್ಷಗಳ ಕರಾರು ಇತ್ತು. ಫೋನಿನ ಬೆಲೆಯ ಉಳಿದ ಭಾಗವನ್ನು ಆ ಕಂಪನಿ ಭರಿಸಿ, ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡಿಕೊಳ್ಳುತ್ತಿತ್ತು, ಮತ್ತು ಬೇರೆ ಯಾವ ಕಂಪನಿಯ ಸಿಮ್ ಹಾಕಿದರೂ ಕೆಲಸ ಮಾಡದಂತೆ ಫೋನಿಗೆ ಬೀಗ ಹಾಕುತ್ತಿತ್ತು. ಕರಾರು ಮುಗಿಸಿದ ಗ್ರಾಹಕರಿಗೂ ಆ ಕಂಪನಿ ಬೀಗ ತೆಗೆದುಕೊಡಲು ಒಪ್ಪಿದ್ದು 2012ರಲ್ಲಿ. ಹಾಗಾಗಿ ಗೌಡರ ಫೋನನ್ನು ಬೆಂಗಳೂರಿನ ಯಾವುದೋ ಅಂಗಡಿಯಲ್ಲಿ ಜೈಲ್‌ಬ್ರೇಕ್ ಮಾಡಿಸಿ (ತಯಾರಕರು ಹಾಕಿದ ಕಟ್ಟುಪಾಡು ಮುರಿಸಿ), ಅನ್‌ಲಾಕ್ ಮಾಡಿಸಿ, ನಮ್ಮ ಸಿಮ್ ಹಾಕಿಕೊಡಲಾಗಿತ್ತು.

ಅವರು ಬಂದಾಗ ಅವರ ನಂಬರಿನ ಔಟ್‌ಗೋಯಿಂಗ್ ಬಾರ್ ಆಗಿತ್ತು, ಅಂದರೆ ಹೊರಹೋಗುವ ಕರೆಗಳನ್ನು ತಡೆಹಿಡಿಯಲಾಗಿತ್ತು. ಅನೇಕ ವರ್ಷಗಳಿಂದ ತಿಂಗಳಿಗೆ ಐನೂರು ರೂಪಾಯಿ ದಾಟದಿದ್ದ ಬಿಲ್ಲು ಆ ಸಲ ನಾಲ್ಕು ಸಾವಿರ ಮೀರಿ, ಕ್ರೆಡಿಟ್ ಲಿಮಿಟ್ಟನ್ನು ದಾಟಿಕೊಂಡುಹೋಗಿತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲದ ಔಷಧಿ ಹೊಡೆಸಬೇಕಾದ ಸಮಯ ಅದು. ಮಳೆ ಒಂದಿಷ್ಟು ಹೊಳವು ಕೊಟ್ಟ ದಿನವೇ ಮರ ಹತ್ತುವ ಕೊನೆಗಾರನಿಗೆ ಫೋನ್ ಮಾಡಿ ಕರೆಸಿಕೊಳ್ಳದಿದ್ದರೆ ಅವನು ಇನ್ನೊಬ್ಬರ ತೋಟಕ್ಕೆ ಹೋಗಿರುತ್ತಾನೆ. ಮೈಲುತುತ್ತ ತಂದಿಟ್ಟುಕೊಂಡು, ಸುಣ್ಣ ಕದಡಿಟ್ಟುಕೊಂಡು, ಮರ ಹತ್ತುವವನನ್ನು ಕರೆಯಲಾರದೆ ಅವರು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಕ್ಷಣಕ್ಕೆ ನನಗೆ ಕಾಣುತ್ತಿದ್ದದ್ದು ಗ್ರಾಹಕರ ವಿವರ ತೋರಿಸುವ ಸಿಆರ್‌ಎಮ್ಮಿನ ಪರದೆಯಲ್ಲಿ ಜಿಪಿಆರ್‌ಎಸ್ (ಮೊಬೈಲ್ ಡೇಟಾ) ಎಂಬ ಒಂದೇ ಸಾಲಿನೆದುರು ಇದ್ದ ಮೊತ್ತ, ಮತ್ತು ಗೌಡರ ಬೆನ್ನಿಗೆ ಟೋಕನ್ ಹಿಡಿದು ನಿಂತಿದ್ದ ಜನ.

ನಾನು ಸಿದ್ಧ ವಾಕ್ಯವನ್ನು ಹೇಳಿದೆ. ಅವರು ಫೋನ್ ಬಿಟ್ಟರೆ ಬೇರೇನೂ ಮಾಡಿಲ್ಲ ಎಂದರು. ಅಷ್ಟಕ್ಕೆ ನಿಲ್ಲಿಸಿ ಎಸ್‌ಆರ್, ಅಂದರೆ ದೂರಿನ ದಾಖಲೆ, ಎತ್ತಿದ್ದರೂ ಆಗುತ್ತಿತ್ತು. ಆದರೆ ವಿದ್ಯಾರ್ಥಿಗಳು ಅಪ್ಪಂದಿರ ಫೋನಿನಲ್ಲಿ ವಿಡಿಯೊ ನೋಡಿ ಬಿಲ್ಲು ಏರಿಸಿದ ಪ್ರಕರಣಗಳು ಆ ತಿಂಗಳು ಬಹಳ ಬಂದಿದ್ದವು, ಮತ್ತು ಈ ಬಗೆಯ ತಕರಾರಿನ ಒಳಗುಟ್ಟು ನನಗೆ ಗೊತ್ತಿದೆ ಎಂಬ ಧಿಮಾಕು ನನ್ನಲ್ಲಿತ್ತು. "ಮನೇಲಿ ಹುಡುಗರು ಇದ್ದರೆ ವಿಚಾರಿಸಿ ಸರ್, ರಾತ್ರಿ ಹೊತ್ತು ಏನೇನು ನೋಡ್ತಾರೋ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದುಬಿಟ್ಟೆ. ಸಾಲಿನಲ್ಲಿ ಯಾರೋ ನಕ್ಕರು. ಗೌಡರು ಸಿಟ್ಟಾಗಲಿಲ್ಲ; ಕೊಡೆಯನ್ನು ಕೌಂಟರಿಗೆ ಒರಗಿಸಿ, ಧ್ವನಿ ಏರಿಸದೆ ಹೇಳಿದರು: "ಮನೇಲಿ ಇರೋದು ನಾನು, ನಮ್ಮ ಮನೆಯವಳು. ನಮ್ಮಿಬ್ಬರಲ್ಲಿ ಯಾರು ನೋಡಿರಬಹುದು ಅಂತ ನೀನೇ ಹೇಳು ಮಾರಾಯ." ಈ ಸಲ ಸಾಲಿನಲ್ಲಿದ್ದವರೆಲ್ಲ ನಕ್ಕರು, ನನ್ನನ್ನು ನೋಡಿ.

ಪ್ರತಿ ಬಳಕೆಯ ವಿವರವಿರುವ ಐಟಮೈಸ್ಡ್ ಬಿಲ್ ತೆಗೆದದ್ದು ಆ ನಗು ನಿಲ್ಲಲಿ ಎಂದೇ ಹೊರತು ಸತ್ಯಾನ್ವೇಷಣೆಗಾಗಿ ಅಲ್ಲ. ಪ್ರಿಂಟರು ಹಾಳೆಯ ಮೇಲೆ ಹಾಳೆ ಉಗುಳುತ್ತ ಹೋಯಿತು. ರಾತ್ರಿಯ ಸಾಲುಗಳನ್ನು ಹುಡುಕಿ ಅವರ ಮುಂದೆ ಹಿಡಿಯಬೇಕೆಂದು ಬೆರಳಿಟ್ಟು ನೋಡುತ್ತ ಹೋದವನು ವೇಳೆಯ ಕಾಲಮ್ಮಿನಲ್ಲಿ ತಡೆದು ನಿಂತೆ. ಎರಡು ಗಂಟೆ, ಎರಡೂಕಾಲು, ಎರಡೂವರೆ, ಎರಡೂಮುಕ್ಕಾಲು, ಮೂರು. ನಡುವೆ ಕೆಲವು ಸಾಲುಗಳು ತಪ್ಪಿಹೋಗಿದ್ದವು, ಮತ್ತೆ ಅದೇ ಲೆಕ್ಕಕ್ಕೆ ಬಂದು ಕೂಡಿಕೊಳ್ಳುತ್ತಿದ್ದವು. ಹಗಲೂ ಹಾಗೆಯೇ, ಮರುದಿನವೂ ಹಾಗೆಯೇ. ವಿಡಿಯೊ ನೋಡುವ ಯಾವ ಹುಡುಗನೂ ಗಡಿಯಾರಕ್ಕೆ ಇಷ್ಟು ವಿಧೇಯನಾಗಿರುವುದಿಲ್ಲ.

ಫೋನನ್ನು ಕೇಳಿ ಪಡೆದು, ಸೆಟ್ಟಿಂಗ್ಸಿನಲ್ಲಿ ಯೂಸೇಜ್ ಎಂಬ ಪುಟ ತೆರೆದು, ಅಲ್ಲಿದ್ದ ಡೇಟಾ ಅಂಕಿಯನ್ನು ಬಿಲ್ಲಿನ ಅಂಚಿನಲ್ಲಿ ಬರೆದುಕೊಂಡೆ. ಆಮೇಲೆ ಅದನ್ನು ನಮ್ಮಿಬ್ಬರ ನಡುವೆ ಕೌಂಟರಿನ ಮೇಲಿಟ್ಟು, ಮುಟ್ಟಬೇಡಿ ಎಂದೆ. ಕಾಲು ಗಂಟೆ ಬರುವ ತನಕ ನನಗೆ ಮಾಡಲು ಏನೂ ಇರಲಿಲ್ಲ. ಒಬ್ಬ ಗ್ರಾಹಕರಿಗೆ ಇಷ್ಟೇ ಎಂದಿದ್ದ ಹ್ಯಾಂಡ್ಲಿಂಗ್ ಟೈಮ್ ಮೀರಿದ್ದಕ್ಕೆ ಫ್ಲೋರಿನ ಆ ತುದಿಯಿಂದ ಟೀಮ್ ಲೀಡರ್ ನೋಡುತ್ತಿದ್ದರು, ಕರೆಂಟು ಹೋಗಿ ಯುಪಿಎಸ್ ಕೂಗುತ್ತಿತ್ತು, ಮುಂದಿನ ಟೋಕನ್ನಿನವರು ಗೊಣಗುತ್ತಿದ್ದರು, ಮತ್ತು ನನ್ನ ಊಹೆ ಸುಳ್ಳಾದರೆ ಈ ಹಿರಿಯರ ಮುಂದೆ ಎರಡನೆಯ ಸಲ ಮೂರ್ಖನಾಗುವೆನೆಂಬ ಅಳುಕು ಬೇರೆ. ಗೌಡರು ಮಾತ್ರ ಕಟ್ಟೆಯ ಮೇಲೆ ಬಸ್ಸಿಗೆ ಕಾಯುವವರ ನಿರಾಳದಲ್ಲಿ ಕುಳಿತಿದ್ದರು. ಹೊತ್ತು ಕಳೆದ ಮೇಲೆ ಆ ಪುಟದಿಂದ ಹೊರಬಂದು ಮತ್ತೆ ಒಳಹೊಕ್ಕು ನೋಡಿದರೆ ಅಂಕಿ ಏರಿತ್ತು. ಯಾರೂ ಮುಟ್ಟಿರಲಿಲ್ಲ.

ಮಗ ಅದರಲ್ಲಿ ಎರಡು ಮೇಲ್ ಖಾತೆಗಳನ್ನು ಹಾಕಿಕೊಟ್ಟಿದ್ದ. ಫೆಚ್ ಎಂಬ ಕಡೆ ಹದಿನೈದು ನಿಮಿಷ ಎಂದಿತ್ತು. ಅಂದರೆ ಗೌಡರು ಮಲಗಿರಲಿ, ತೋಟದಲ್ಲಿರಲಿ, ಆ ಫೋನು ದಿನಕ್ಕೆ 96 ಸಲ ಹೊಸ ಮೇಲ್ ಬಂದಿದೆಯೇ ಎಂದು ತಾನಾಗಿಯೇ ಹೋಗಿ ಕೇಳಿಕೊಂಡು ಬರುತ್ತಿತ್ತು. ಪ್ಯಾಕ್ ಇಲ್ಲದವರಿಗೆ ನಮ್ಮ ದರ 10 ಕೆಬಿಗೆ 10 ಪೈಸೆ, ಅಂದರೆ ಒಂದು ಎಂಬಿಗೆ ಸುಮಾರು ಹತ್ತು ರೂಪಾಯಿ. ಅದರಲ್ಲೂ ಪ್ರತಿ ಸೆಷನ್ನಿನ ಕೊನೆಯ ಚೂರನ್ನು ಪೂರ್ತಿ 10 ಕೆಬಿ ಎಂದೇ ಹಿಡಿಯಲಾಗುತ್ತಿತ್ತು. ಅವರ ಮನೆಯಲ್ಲಿ ಸಿಗ್ನಲ್ ಬರುತ್ತಿದ್ದದ್ದು ಉಪ್ಪರಿಗೆಯ ಕಿಟಕಿಯಲ್ಲಿ ಮಾತ್ರ, ಅದೂ ನಿಧಾನದ ಎಡ್ಜ್ ಸಂಪರ್ಕ. ಹಿಡಿದ ಸಂಪರ್ಕ ನಡುವೆ ತುಂಡಾದರೆ ಮತ್ತೆ ಮೊದಲಿನಿಂದ ಶುರು. ಮೊಮ್ಮಗುವಿನ ಚಿತ್ರಗಳು ಬಂದ ದಿನಗಳಲ್ಲಿ ಲೆಕ್ಕ ಇನ್ನೂ ಮೇಲಕ್ಕೆ ಹೋಗಿತ್ತು.

ಫೋನಿನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಅದು ಹುಟ್ಟಿದ್ದು ಅನ್‌ಲಿಮಿಟೆಡ್ ಡೇಟಾ ಪ್ಲಾನಿನೊಂದಿಗೆ. ಎಟಿ ಅಂಡ್ ಟಿ ಹೊಸ ಗ್ರಾಹಕರಿಗೆ ಆ ಪ್ಲಾನ್ ಕೊಡುವುದನ್ನು ನಿಲ್ಲಿಸಿದ್ದು ಗೌಡರು ಬಂದ ಅದೇ 2010ರ ಜೂನಿನಲ್ಲಿ. ಡೇಟಾಕ್ಕೆ ಲೆಕ್ಕವಿಲ್ಲದ ಮನೆಯಲ್ಲಿ ಬೆಳೆದ ಯಂತ್ರ, ಪೈಸೆ ಪೈಸೆ ಎಣಿಸುವ ನಮ್ಮ ಮನೆಗೆ ಬಂದಿತ್ತು. ಆವರೆಗೆ ನಮ್ಮ ಕೌಂಟರಿಗೆ ಬರುತ್ತಿದ್ದ ಸಿಂಬಿಯನ್ ತಂತ್ರಾಂಶದ ನೋಕಿಯಾಗಳು, ಎನ್73 ಇರಲಿ ಇ63 ಇರಲಿ, ಸಾಮಾನ್ಯವಾಗಿ ಇಂಟರ್‌ನೆಟ್ಟಿಗೆ ಹೋಗುವ ಮೊದಲು ಯಾವ ಆಕ್ಸೆಸ್ ಪಾಯಿಂಟ್ (ಸಂಪರ್ಕದ ದಾರಿ) ಎಂದು ಕೇಳುತ್ತಿದ್ದವು. ಆ ಪ್ರಶ್ನೆ ನಮಗೆಲ್ಲ ಒಂದು ಪೀಡೆಯಂತೆ ಕಾಣುತ್ತಿತ್ತು. ಗ್ರಾಹಕರ ಜೇಬನ್ನು ಕಾಯುತ್ತಿದ್ದದ್ದು ಅದೇ ಎಂಬುದು ಅದಿಲ್ಲದ ಫೋನ್ ಬಂದಾಗ ತಿಳಿಯಿತು. ನಮ್ಮ ತರಬೇತಿಯೂ ಸ್ಕ್ರಿಪ್ಟೂ ನೋಕಿಯಾದ ಕಾಲದವು. ಡೇಟಾ ಹೋಗಿದೆ ಎಂದರೆ ಯಾರೋ ಒತ್ತಿದ್ದಾರೆ ಎಂಬುದೇ ಅವುಗಳ ಆಧಾರ.

ಸರಿಪಡಿಸುವುದೂ ಸುಲಭವಾಗಿರಲಿಲ್ಲ. ಡೇಟಾವನ್ನೇ ಪೂರ್ತಿ ಬಂದ್ ಮಾಡುವ ಸ್ವಿಚ್ಚು ಆ ಫೋನಿನಲ್ಲಿದ್ದ ಹಳೆಯ ಆವೃತ್ತಿಯಲ್ಲಿ ಇರಲಿಲ್ಲ. ಹೊಸ ಆವೃತ್ತಿಗೆ ಐಟ್ಯೂನ್ಸಿನಿಂದ ಅಪ್‌ಡೇಟ್ ಮಾಡಿದರೆ ಬೇಸ್‌ಬ್ಯಾಂಡೂ (ನೆಟ್‌ವರ್ಕಿನೊಂದಿಗೆ ಮಾತಾಡುವ ಭಾಗದ ತಂತ್ರಾಂಶ) ಬದಲಾಗಿ ಅನ್‌ಲಾಕ್ ಹಾರಿಹೋಗುವ ಭಯ. ಆಗ ನಮ್ಮ ಸಿಮ್ಮೇ ನಡೆಯದು. ಹಿಂದಿನ ಡೆಸ್ಕಿನ ಗೆಳೆಯ ಉತ್ಸಾಹದಿಂದ ಕೇಬಲ್ ಹಿಡಿದು ಬಂದದ್ದನ್ನು ತಡೆದದ್ದು ಆ ದಿನ ನಾನು ಮಾಡಿದ ಜಾಣತನದ ಕೆಲಸ. ಫೆಚ್ಚನ್ನು ಮ್ಯಾನ್ಯುಯಲ್ ಮಾಡಿ, ಅಷ್ಟಕ್ಕೂ ನಂಬಿಕೆ ಬಾರದೆ ಡೇಟಾ ಸಂಪರ್ಕಕ್ಕೆ ಬೇಕಾದ ಎಪಿಎನ್ (ಆಕ್ಸೆಸ್ ಪಾಯಿಂಟ್) ಹೆಸರಿನ ಕೊನೆಗೆ ಒಂದು ಅಕ್ಷರವನ್ನು ಬೇಕೆಂದೇ ತಪ್ಪಾಗಿ ಸೇರಿಸಿದೆ. ಮೇಲ್ ನೋಡಬೇಕೆನಿಸಿದಾಗ ಆ ಅಕ್ಷರವನ್ನು ಅಳಿಸಬೇಕು, ನೋಡಿಯಾದ ಮೇಲೆ ಮತ್ತೆ ಬರೆಯಬೇಕು. ಗೌಡರು ಅದನ್ನು ಒಂದೇ ಸಲಕ್ಕೆ ಕಲಿತರು, ಗದ್ದೆಯ ತೂಬು ಇದ್ದ ಹಾಗೆ ಎಂದರು.

ಮೊತ್ತದ ವಿಷಯ ಬೇರೆ. ನನ್ನ ಅಡ್ಜಸ್ಟ್‌ಮೆಂಟ್ ಲಿಮಿಟ್, ಅಂದರೆ ನಾನೇ ಬಿಲ್ಲಿನಿಂದ ಕಡಿಮೆ ಮಾಡಬಹುದಾದ ಮೊತ್ತ, ಇನ್ನೂರೈವತ್ತು. ಮೇಲಿನದಕ್ಕೆ ಕಂಪನಿಯ ಸರ್ಕಲ್ ಆಫೀಸಿನ (ರಾಜ್ಯಮಟ್ಟದ ಕಚೇರಿಯ) ಅಪ್ರೂವಲ್ ಬೇಕು. "ಯೂಸೇಜ್ ಜೆನ್ಯುಯಿನ್, ವೇವರ್ ರಿಜೆಕ್ಟೆಡ್" (ಬಳಕೆ ನಿಜ, ಮನ್ನಾ ಇಲ್ಲ) ಎಂದು ಬೆಂಗಳೂರಿನಿಂದ ಎರಡು ಪದಗುಚ್ಛಗಳಲ್ಲಿ ಉತ್ತರ ಬಂತು. ನೂರು ರೂಪಾಯಿಯೊಳಗಿನ ತಿಂಗಳ ಪ್ಯಾಕ್ ಹಾಕಿದ್ದರೆ ಇಷ್ಟೂ ಬಳಕೆ ಅದರಲ್ಲೇ ಮುಗಿಯುತ್ತಿತ್ತು, ಪ್ಯಾಕ್ ಹಾಕದೆಯೂ ಡೇಟಾವನ್ನು ತೆರೆದಿಟ್ಟದ್ದು ನಾವೇ ಎಂದು ಬರೆದು, ವೇಳೆಯ ಕಾಲಮ್ಮನ್ನು ಗುರುತು ಮಾಡಿದ ಹಾಳೆಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ಅರ್ಧ ಮನ್ನಾ ಆಯಿತು. ಉಳಿದರ್ಧವನ್ನು ಗೌಡರು ಕಟ್ಟಿದರು. ಬಾರ್ ತೆಗೆಯುವ ಅಧಿಕಾರ ಮಾತ್ರ ನನ್ನ ಕೈಯಲ್ಲೇ ಇತ್ತು, ಅದನ್ನು ಅವರು ಬಂದ ದಿನವೇ ಮಾಡಿದ್ದೆ. ಅವರು ಕೊನೆಗಾರನಿಗೆ ಫೋನ್ ಹಚ್ಚಿದ್ದು ನಮ್ಮ ಸ್ಟೋರಿನ ಮೆಟ್ಟಿಲಿನ ಮೇಲೆ ನಿಂತೇ. ಗ್ರಾಹಕರು ಸ್ಪಷ್ಟವಾಗಿ ಒಪ್ಪದೆ ಡೇಟಾ ಶುರುಮಾಡಬಾರದು, 1925ಕ್ಕೆ ಸಂದೇಶ ಕಳಿಸಿ ನಿಲ್ಲಿಸಿಕೊಳ್ಳಲು ಅವಕಾಶವಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ಮಾಡಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ನಾನು ಆ ಕೆಲಸದಲ್ಲಿರಲಿಲ್ಲ.

ಇದ್ದಷ್ಟು ದಿನ ಡೆಸ್ಕಿಗೆ ಬಂದ ಹೊಸಬರಿಗೆ ನಾನು ಹೇಳಿಕೊಟ್ಟದ್ದು ಇಷ್ಟೆ: ಮೊತ್ತವನ್ನು ಆಮೇಲೆ ನೋಡಿ, ಮೊದಲು ವೇಳೆ ನೋಡಿ, ಗ್ರಾಹಕರ ಮನೆಯ ಮಕ್ಕಳ ಸುದ್ದಿ ಎತ್ತಬೇಡಿ. ಮ್ಯಾನೇಜ್‌ಮೆಂಟಿಗೆ ಇಂಥ ತಕರಾರಿನಲ್ಲಿ ಆಸಕ್ತಿ ಹುಟ್ಟಿದ್ದು 2011ರ ಜನವರಿ 20ರಿಂದ ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ (ಅದೇ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ) ಬರುತ್ತದೆಂದು ಖಚಿತವಾದಾಗ. 1900ಕ್ಕೆ ಒಂದು ಎಸ್‌ಎಂಎಸ್ ಕಳಿಸಿ ಕೋಡ್ ಪಡೆದು, ಹತ್ತೊಂಬತ್ತು ರೂಪಾಯಿಗೆ ಜನ ಬೇರೆ ಕಂಪನಿಗೆ ಹೋಗಬಹುದು ಎಂದಾದೊಡನೆ ನಮ್ಮ ಅಡ್ಜಸ್ಟ್‌ಮೆಂಟ್ ಲಿಮಿಟ್ ರಾತ್ರೋರಾತ್ರಿ ಸಾವಿರಕ್ಕೆ ಏರಿತು, ಮತ್ತು ಹಿಂದೆ ತಕರಾರು ಮಾಡಿದ್ದವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಲು ಹೇಳಿದರು. ಗೌಡರು ಪೋರ್ಟ್ ಆಗಲಿಲ್ಲ. ಅವರ ಉಪ್ಪರಿಗೆಯ ಕಿಟಕಿಗೆ ಬಿಎಸ್‌ಎನ್‌ಎಲ್ ಬಿಟ್ಟರೆ ನಮ್ಮದೊಂದೇ ಸಿಗ್ನಲ್ ಬರುತ್ತಿತ್ತು, ಬಿಎಸ್‌ಎನ್‌ಎಲ್ ಸಿಮ್ ಅವರ ಹೆಂಡತಿಯ ಫೋನಿನಲ್ಲಿ ಆಗಲೇ ಇತ್ತು. ಆ ತಿಂಗಳ ರಿವ್ಯೂನಲ್ಲಿ ಅವರ ನಂಬರನ್ನು ನಮ್ಮ ಸ್ಟೋರ್ ಉಳಿಸಿಕೊಂಡ ಗ್ರಾಹಕರ ಲೆಕ್ಕಕ್ಕೆ ಸೇರಿಸಿ, ಒಳ್ಳೆಯ ರಿಟೆನ್ಷನ್ ಎಂದು ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು.