ಬೇಸಿಗೆಯ ತೋಟದಲ್ಲಿ ಮಧ್ಯಾಹ್ನದ ಕೆಲಸ

ಸಣ್ಣದೊಂದು ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಹಸು, ಎಮ್ಮೆ, ಕೋಳಿ, ಜೊತೆಗೆ ತರಕಾರಿ ಪಾತಿಗಳು. ಬೇಸಿಗೆಯಲ್ಲಿ ಹೊಸದಾಗಿ ಸೇರಿದವರು ಮೊದಲು ಕೇಳುವುದು ಯಾವುದಕ್ಕೆ ಎಷ್ಟು ಹಾಕಬೇಕು ಅಂತ. ಎಷ್ಟು ಅನ್ನುವುದನ್ನು ಆಮೇಲೆ ನೋಡೋಣ, ಯಾವಾಗ ಅನ್ನುವುದನ್ನು ಮೊದಲು ಕಲಿಯಿರಿ ಅಂತೇನೆ.

ಮೇವನ್ನೇ ತೆಗೆದುಕೊಳ್ಳಿ. ಹಸುವಿನ ಹೊಟ್ಟೆಯಲ್ಲಿ ಮೇವು ಅರಗುವಾಗ ಶಾಖ ಹುಟ್ಟುತ್ತದೆ. ತಿಂದು ಕೆಲವು ಗಂಟೆ ಕಳೆದ ಮೇಲೆ ಅದು ಜಾಸ್ತಿಯಾಗುತ್ತದೆ. ಬೆಳಿಗ್ಗೆ 9ಕ್ಕೆ ಹೊಟ್ಟೆ ತುಂಬ ತಿನ್ನಿಸಿದರೆ ಒಳಗಿನ ಬಿಸಿ, ಹೊರಗಿನ ಬಿಸಿಲು ಎರಡೂ ಮಧ್ಯಾಹ್ನವೇ ಸೇರುತ್ತವೆ. ಅದಕ್ಕೇ ನಮ್ಮಲ್ಲಿ ಮೇವಿನ ದೊಡ್ಡ ಪಾಲು ಹೊತ್ತು ಇಳಿದ ಮೇಲೆ, ಉಳಿದದ್ದು ನಸುಕಿನಲ್ಲಿ. ನೀರಿಗೆ ಮಾತ್ರ ಹೊತ್ತಿಲ್ಲ. ಹಾಲು ಕೊಡುವ ದೊಡ್ಡ ಹಸು ಸೆಕೆಯಲ್ಲಿ ದಿನಕ್ಕೆ 100 ಲೀಟರ್ ದಾಟಿ ಕುಡಿಯಬಲ್ಲದು. ಹಾಲು ಕರೆದ ಕೂಡಲೇ ಅದಕ್ಕೆ ಬಾಯಾರಿಕೆ ಹೆಚ್ಚು. ಆ ಹೊತ್ತಿಗೆ ತೊಟ್ಟಿ ತುಂಬಿರಲೇಬೇಕು.

ಎಮ್ಮೆಯ ಮೈ ಕಪ್ಪು, ಬೆವರುವುದೂ ಕಡಿಮೆ. ನೆರಳು ಕೊಟ್ಟು ಮೈಗೆ ನೀರು ಹಾಕಿದರೆ ಅದರ ಅರ್ಧ ತಕರಾರು ಮುಗಿಯಿತು.

ಕೋಳಿಗೆ ಬೆವರೇ ಇಲ್ಲ. ಕೊಕ್ಕು ತೆರೆದು ತೇಕುತ್ತದೆ, ರೆಕ್ಕೆ ಮೈಯಿಂದ ದೂರ ಹಿಡಿಯುತ್ತದೆ. ತೇಕಿ ತೇಕಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ಚಿಪ್ಪು ಗಟ್ಟಿಯಾಗಿ ಕಟ್ಟುವುದಿಲ್ಲ. ಮೊಟ್ಟೆ ಚಿಪ್ಪು ತೆಳುವಾಯಿತು ಅಂದರೆ ಎಲ್ಲರೂ ಕ್ಯಾಲ್ಸಿಯಂ ಪುಡಿ ಹುಡುಕುತ್ತಾರೆ. ನಾನು ಮೊದಲು ನೀರಿಗೆ ಕೈ ಅದ್ದಿ ನೋಡುತ್ತೇನೆ. ಬಿಸಿಲಿಗೆ ಕಾದ ನೀರನ್ನು ಕೋಳಿ ಸರಿಯಾಗಿ ಕುಡಿಯುವುದಿಲ್ಲ. ಡಬ್ಬಿಯನ್ನು ನೆರಳಿಗೆ ಸರಿಸಿ, ಮಧ್ಯಾಹ್ನ ಒಮ್ಮೆ ತಣ್ಣೀರು ಬದಲಿಸಿ. ಪುಡಿಯ ವಿಚಾರ ಅದಾದ ಮೇಲೆ.

ಗಿಡಗಳ ವಿಷಯದಲ್ಲಿ ಮಧ್ಯಾಹ್ನ ಮೋಸ ಜಾಸ್ತಿ. ಕುಂಬಳ, ಸೌತೆ ಎಲೆಗಳು 2 ಗಂಟೆಗೆ ಜೋತುಬಿದ್ದಿರುತ್ತವೆ. ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತಿರುತ್ತದೆ, ಅಷ್ಟೇ. ಸಂಜೆ ತಾನಾಗಿ ಎದ್ದು ನಿಂತರೆ ಸುಮ್ನೆ ಬಿಡಿ. ಬೆಳಿಗ್ಗೆಯೂ ಬಾಡಿದ್ದರೆ ಮಣ್ಣಿಗೆ ಬೆರಳು ತೂರಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ, ಇನ್ನಷ್ಟು ನೀರು ಹಾಕಿದರೆ ಗಿಡ ಸಾಯುತ್ತದೆ.

ಟೊಮೆಟೊ ಹೂವು ಉದುರಿದರೆ ಗೊಬ್ಬರದ ಚೀಲ ಬಿಚ್ಚಬೇಡಿ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಕಾಯಿ ಕಚ್ಚುವುದು ಕಷ್ಟ. ನೆರಳಿನ ಬಲೆ ಕಟ್ಟಿ, ಸ್ವಲ್ಪ ಕಾಯಿರಿ. ಕಾಯಿಯ ತಳ ಕಪ್ಪಾಗುವುದಕ್ಕೆ ಮಾತ್ರ ಹೆಚ್ಚಾಗಿ ನಾವೇ ಕಾರಣ. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ತಲುಪುವುದಿಲ್ಲ. ನಸುಕಿನಲ್ಲಿ ಬುಡಕ್ಕೆ ನೀರು, ಮೇಲೆ ಒಣಹುಲ್ಲಿನ ದಪ್ಪ ಹೊದಿಕೆ. ಮೊದಲ ಬೇಸಿಗೆಯಲ್ಲಿ ಇದು ಸೋಮಾರಿಗಳ ಉಪಾಯ ಅನ್ನಿಸುತ್ತದೆ, ಅನ್ನಿಸಲಿ.

ಹಾಗಾದರೆ ಮಧ್ಯಾಹ್ನ ಏನು ಕೆಲಸ? ಸಲಿಕೆ ಕೆಳಗಿಟ್ಟು ನೆರಳು ಹಿಡಿದು ಒಂದು ಸುತ್ತು ಹಾಕುವುದು. ಯಾವ ಹಸು ಮೆಲುಕು ಹಾಕುತ್ತಿಲ್ಲ, ಯಾವ ಕೋಳಿ ಗುಂಪಿನಿಂದ ದೂರ ಕೂತಿದೆ ಅಂತ ನೋಡುವುದು. ಹಸು ಜೊಲ್ಲು ಸುರಿಸುತ್ತಾ ನಾಲಿಗೆ ಹೊರಚಾಚಿ ಉಸಿರಾಡುತ್ತಿದ್ದರೆ ಗಾಳಿಯಾಡುವ ನೆರಳಲ್ಲಿ ನಿಲ್ಲಿಸಿ, ಮೈಗೆ ನೀರು ಸುರಿಯುತ್ತಲೇ ಪಶುವೈದ್ಯರಿಗೆ ಫೋನ್ ಮಾಡಬೇಕು. ಸಂಜೆಯವರೆಗೆ ಕಾಯುವಂತಿಲ್ಲ.