ವಾರಕ್ಕೆರಡು ಸಲ ಎಸೆಯುವ ಪಿಚರ್‌ಗಳನ್ನೇ ತುಂಬಿಕೊಂಡರೆ ಸಾಕೇ?

ಅಮೆರಿಕದ ಆಫೀಸ್ ಫ್ಯಾಂಟಸಿ ಬೇಸ್‌ಬಾಲ್ ಲೀಗುಗಳಿಗೆ (ನಿಜವಾದ ಆಟಗಾರರನ್ನು ಆರಿಸಿ ಕಾಗದದ ತಂಡ ಕಟ್ಟಿ, ಅವರ ನಿಜ ಪಂದ್ಯಗಳ ಅಂಕಿಗಳ ಮೇಲೆ ಸೆಣಸುವ ಆಟ) ಹೊಸದಾಗಿ ಸೇರಿದವರು ಪದೇಪದೇ ಕೇಳುವುದು ಇದನ್ನೇ. ಹೆಡ್-ಟು-ಹೆಡ್ ಲೀಗಿನಲ್ಲಿ ಸೋಮವಾರದಿಂದ ಭಾನುವಾರದವರೆಗೆ ಒಬ್ಬನೇ ಎದುರಾಳಿ; ಆ ವಾರ ಎರಡು ಪಂದ್ಯಗಳಲ್ಲಿ ಮೊದಲ ಇನಿಂಗ್ಸಿನಿಂದಲೇ ಎಸೆಯುವ (ಇದಕ್ಕೇ ‘ಸ್ಟಾರ್ಟ್’ ಎನ್ನುವುದು) ಪಿಚರ್‌ಗಳನ್ನೇ ಹುಡುಕಿ ಹಾಕಿಕೊಂಡರೆ ಗೆದ್ದ ಹಾಗೆಯೇ ತಾನೆ?

ಪಾಯಿಂಟ್ಸ್ ಲೀಗಾದರೆ ಹೆಚ್ಚುಕಮ್ಮಿ ಹೌದು. ಪ್ರತಿ ಔಟಿಗೂ ಸ್ಟ್ರೈಕ್‌ಔಟಿಗೂ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟಾಗುವುದು) ಅಂಕ ಸಿಗುವಲ್ಲಿ ಸಾಧಾರಣ ಪಿಚರ್‌ನ ಎರಡು ಸ್ಟಾರ್ಟ್ ಒಳ್ಳೆಯವನ ಒಂದನ್ನು ಮೀರಿಸುವುದುಂಟು.

ಹತ್ತು ವಿಭಾಗಗಳ (ಬ್ಯಾಟಿಂಗಿಗೆ ಐದು, ಪಿಚಿಂಗಿಗೆ ಐದು) ಲೀಗಿನಲ್ಲಿ ಲೆಕ್ಕವೇ ಬೇರೆ; ಅಲ್ಲಿ ಒಂದೊಂದು ವಿಭಾಗ ಗೆದ್ದರೆ ಒಂದೊಂದು ಅಂಕ. ಪಿಚಿಂಗಿನ ಐದು ವಿಭಾಗ ನೋಡಿ: ಗೆಲುವು, ಸೇವ್ (ಕಡಿಮೆ ಅಂತರದ ಮುನ್ನಡೆಯನ್ನು ಕೊನೆಯಲ್ಲಿ ಬಂದು ಕಾಯ್ದವನಿಗೆ ಸಿಗುವುದು), ಸ್ಟ್ರೈಕ್‌ಔಟ್, ಇಆರ್‌ಎ (9 ಇನಿಂಗ್ಸಿಗೆ ಬಿಟ್ಟುಕೊಟ್ಟ ರನ್, ಫೀಲ್ಡರುಗಳ ತಪ್ಪಿನಿಂದ ಬಂದವು ಬಿಟ್ಟು; ಕಡಿಮೆಯಿದ್ದಷ್ಟೂ ಒಳ್ಳೆಯದು), ವಿಪ್ (ಇನಿಂಗ್ಸಿಗೆ ಕೊಟ್ಟ ಹಿಟ್ ಮತ್ತು ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರಿಗೆ ಬಿಟ್ಟಿಯಾಗಿ ಸಿಗುವ ಬೇಸ್). ಹೆಚ್ಚುವರಿ ಸ್ಟಾರ್ಟ್‌ನಿಂದ ಗೆಲುವು, ಸ್ಟ್ರೈಕ್‌ಔಟ್ ಏರುತ್ತವೆ. ಸೇವ್‌ಗೆ ಏನೂ ಇಲ್ಲ. ಉಳಿದೆರಡು ಅಪಾಯಕ್ಕೆ ಸಿಕ್ಕುತ್ತವೆ. ಶನಿವಾರದ ಹೊತ್ತಿಗೆ ನಿಮ್ಮ ತಂಡ 42 ಇನಿಂಗ್ಸಿಗೆ 15 ರನ್ ಕೊಟ್ಟಿದೆ ಅನ್ನಿ, ಇಆರ್‌ಎ 3.21. ಭಾನುವಾರ ಒಬ್ಬ 4 ಇನಿಂಗ್ಸಿನಲ್ಲಿ 6 ರನ್ ಕೊಟ್ಟರೆ ಅದು 4.11ಕ್ಕೆ ಹಾರುತ್ತದೆ. ಇಡೀ ಸೀಸನ್ನಿನ ಲೆಕ್ಕದಲ್ಲಿ ಇದು ಕರಗಿಹೋಗುತ್ತಿತ್ತು. ವಾರದ ಲೆಕ್ಕದಲ್ಲಿ ಕರಗಲು ಜಾಗವಿಲ್ಲ.

ಇನ್ನು, ಆ ಎರಡನೇ ಸ್ಟಾರ್ಟ್ ಬಂದೇ ಬರುತ್ತದೆಂಬ ಖಾತರಿಯೂ ಇಲ್ಲ. ಐವರ ಸರದಿಯಲ್ಲಿ ಸೋಮವಾರ ಎಸೆದವನಿಗೆ ಶನಿವಾರ ಮತ್ತೆ ಪಾಳಿ; ಮಳೆಯೋ ರಜೆಯೋ ಬಂದು ಒಂದು ದಿನ ಜಾರಿದರೂ ಭಾನುವಾರ ಉಳಿದಿರುತ್ತದೆ. ಮಂಗಳವಾರದವನ ಎರಡನೇ ಪಾಳಿ ಭಾನುವಾರವೇ. ಒಂದು ದಿನ ಜಾರಿದರೆ ಮುಂದಿನ ವಾರದ ಖಾತೆಗೆ ಹೋಯಿತು. ಡಾಜರ್ಸ್‌ನಂಥ ತಂಡಗಳು ಕೆಲವೊಮ್ಮೆ ಆರನೆಯವನನ್ನು ಸೇರಿಸಿ ಎಲ್ಲರಿಗೂ ಒಂದು ದಿನ ಹೆಚ್ಚು ವಿಶ್ರಾಂತಿ ಕೊಡುತ್ತವೆ. ಆಗ ಮಂಗಳವಾರದವನನ್ನು ಮರೆತೇಬಿಡಿ. ಎರಡರಲ್ಲಿ ಒಂದು ಪಂದ್ಯ ಡೆನ್ವರ್‌ನ ಕೂರ್ಸ್ ಫೀಲ್ಡಿನಲ್ಲಿದ್ದರೂ ಅಷ್ಟೆ. ಸುಮಾರು 1,600 ಮೀಟರ್ ಎತ್ತರದ ತೆಳು ಗಾಳಿಯಲ್ಲಿ ಹೊಡೆದ ಚೆಂಡು ದೂರ ಹೋಗುತ್ತದೆ, ಎಸೆದ ಕರ್ವ್‌ಬಾಲ್ ಸರಿಯಾಗಿ ತಿರುಗುವುದಿಲ್ಲ. ತೀರಾ ಒಳ್ಳೆಯ ಪಿಚರ್‌ನ ಹೊರತು ಅಲ್ಲಿಗೆ ಯಾರನ್ನೂ ಹಾಕಬಾರದು ಎಂಬುದು ನನ್ನ ಹಟ.

ಎದುರಾಳಿ ಎಂಟೊಂಬತ್ತು ಸ್ಟಾರ್ಟ್ ಪೇರಿಸಿಕೊಂಡಿದ್ದಾನೆಯೇ? ಅವನ ಹಿಂದೆ ಓಡಬೇಡಿ. ಗೆಲುವು, ಸ್ಟ್ರೈಕ್‌ಔಟ್ ಅವನಿಗೇ ಬಿಡಿ. ನಂಬಿಕೆಯ ಮೂರ್ನಾಲ್ಕು ಸ್ಟಾರ್ಟರ್, ಇಬ್ಬರು ಮೂವರು ಕ್ಲೋಸರ್ (ಕೊನೆಯಲ್ಲಿ ಬಂದು ಸೇವ್ ಗಳಿಸುವವರು), ಜೊತೆಗೆ ಏಳನೇ ಎಂಟನೇ ಇನಿಂಗ್ಸಿಗೆ ಬರುವ ಬಿಗಿಯಾದ ರಿಲೀವರ್‌ಗಳು ಇದ್ದರೆ ಸೇವ್, ಇಆರ್‌ಎ, ವಿಪ್ ಮೂರೂ ನಿಮ್ಮ ಕೈಗೆಟಕುತ್ತವೆ. ಬ್ಯಾಟಿಂಗಿನಲ್ಲಿ ಐದಕ್ಕೆ ಮೂರು ಬಂದರೆ 6-4. ಇಲ್ಲಿ ಎಡವುವುದು ಕನಿಷ್ಠ ಇನಿಂಗ್ಸ್ ನಿಯಮದಲ್ಲಿ. ಅದನ್ನು ಮುಟ್ಟದಿದ್ದರೆ ಎಷ್ಟೋ ಲೀಗುಗಳಲ್ಲಿ ಇಆರ್‌ಎ, ವಿಪ್ ತಾನಾಗಿ ಎದುರಾಳಿಯ ಪಾಲು. ನಿಯಮದ ಪುಟ ಮೊದಲೇ ಓದಿ.

ದಿನಾ ಲೈನ್‌ಅಪ್ ಬದಲಿಸಬಹುದಾದ ಲೀಗಿನಲ್ಲಿ ಶನಿವಾರ ರಾತ್ರಿ ಅಂಕಪಟ್ಟಿ ನೋಡಲೇಬೇಕು. ಸ್ಟ್ರೈಕ್‌ಔಟ್ ಹೇಗೂ ಕೈತಪ್ಪಿದೆ, ಇಆರ್‌ಎ ಕೂದಲೆಳೆಯಷ್ಟು ಮುಂದಿದೆ ಎಂದಾದರೆ ಭಾನುವಾರದ ಪಿಚರ್‌ನನ್ನು ಬೆಂಚಿಗೆ ಕಳಿಸಿ, ಅವನು ಎಷ್ಟೇ ದೊಡ್ಡ ಹೆಸರಿನವನಾಗಲಿ. ಸೋಮವಾರವೇ ಲೈನ್‌ಅಪ್ ಬೀಗ ಬೀಳುವ ಲೀಗಿನಲ್ಲಿ ಈ ಆಟ ನಡೆಯದು; ಅಲ್ಲಿ ಮೊದಲೇ ಒಬ್ಬನನ್ನು ಕಡಿಮೆ ಹಾಕುವುದೇ ವಾಸಿ.

ಬ್ಯಾಟರ್‌ಗಳ ಮಟ್ಟಿಗೆ ತಂಡದ ಪಂದ್ಯ ಎಣಿಸಿ: ಒಂದೇ ವಾರದಲ್ಲಿ ಒಂದು ತಂಡಕ್ಕೆ ಐದು, ಇನ್ನೊಂದಕ್ಕೆ ಏಳು ಪಂದ್ಯ ಇರುವುದುಂಟು. ಬೇಸ್ ಕದಿಯುವವರಿಗೆ (ಪಿಚರ್ ಎಸೆಯುವಾಗಲೇ ಓಡಿ ಮುಂದಿನ ಬೇಸ್ ಹಿಡಿಯುವವರು) ಹಳೆಯ ಬೆಲೆ ಕೊಡಬೇಡಿ. 2023ರಲ್ಲಿ ಬೇಸ್ 15ರಿಂದ 18 ಅಂಗುಲಕ್ಕೆ ಹಿಗ್ಗಿತು, ಪಿಚರ್ ಬೇಸ್ ಕಡೆಗೆ ಎಸೆಯುವುದಕ್ಕೆ ಮಿತಿ ಬಂತು. ನಿಜವಾದ ಮೇಜರ್ ಲೀಗಿನಲ್ಲಿ ಒಂದು ಸೀಸನ್ನಿನ ಒಟ್ಟು ಬೇಸ್ ಕಳವು 2,486ರಿಂದ 3,503ಕ್ಕೆ ಏರಿತು. ಈಗ ಅದು ಡ್ರಾಫ್ಟಿನ (ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದು) ತಡವಾದ ಸುತ್ತಿನಲ್ಲೂ ಸಿಗುವ ಸರಕು.

ಫ್ಯಾಂಟಸಿ ಲೀಗಿನ ಪ್ಲೇಆಫ್ ಬರುವ ಸೆಪ್ಟೆಂಬರಿನಲ್ಲಂತೂ ಎರಡು ಸ್ಟಾರ್ಟಿನ ಪಟ್ಟಿಗಳನ್ನು ಇನ್ನೂ ಅನುಮಾನದಿಂದ ನೋಡಿ. ಸ್ಥಾನ ಖಚಿತವಾದ ತಂಡಗಳು ತಮ್ಮ ಪಿಚರ್‌ಗಳಿಗೆ ವಿಶ್ರಾಂತಿ ಕೊಡುತ್ತವೆ, ಸೋತ ತಂಡಗಳು ಎಳೆಯ ಪಿಚರ್‌ಗಳ ಇನಿಂಗ್ಸಿಗೆ ಕತ್ತರಿ ಹಾಕುತ್ತವೆ. ಆ ವಾರಗಳಿಗೆ ಇನ್ನೂ ನಿಜವಾದ ಪ್ಲೇಆಫ್ ಜಾಗಕ್ಕಾಗಿ ಸೆಣಸುತ್ತಿರುವ ತಂಡಗಳ ಪಿಚರ್‌ಗಳನ್ನು ಆಗಸ್ಟಿನಲ್ಲೇ ಹಿಡಿದಿಟ್ಟುಕೊಳ್ಳಿ.